ಯೂಟ್ಯೂಬ್ ತೆರೆದರೆ ರೀಪರ್‌ನಲ್ಲಿ ಸದ್ದಿಲ್ಲ ಅಂದ ಉಡುಪಿಯವರಿಗೆ

ಬ್ರೌಸರ್‌ನಲ್ಲಿ ಯೂಟ್ಯೂಬ್ ಓಡುತ್ತಿದ್ದರೆ ರೀಪರ್‌ಗೆ (ರೆಕಾರ್ಡಿಂಗ್ ಸಾಫ್ಟ್‌ವೇರ್) ಯುಎಸ್‌ಬಿ ಇಂಟರ್‌ಫೇಸ್, ಅಂದರೆ ಮೈಕ್ ಸದ್ದನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ, ಸಿಗುವುದಿಲ್ಲ, ಎರರ್ ಬರುತ್ತದೆ ಅಂದಿರಿ. ಏಸಿಯೋ ಫಾರ್ ಆಲ್ (ASIO4ALL) ಹಾಕಿದ್ದೀರಿ, ಅಲ್ವಾ? ಏಸಿಯೋ ಅಂದರೆ ಸದ್ದು ತಡವಾಗದಂತೆ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗೂ ಇಂಟರ್‌ಫೇಸ್‌ಗೂ ನೇರ ಸಂಪರ್ಕ ಕೊಡುವ ಡ್ರೈವರ್ ಬಗೆ. ಏಸಿಯೋ ಫಾರ್ ಆಲ್ ನಿಜವಾದ ಡ್ರೈವರ್ ಅಲ್ಲ, ವಿಂಡೋಸ್ ಡ್ರೈವರ್ ಮೇಲೆ ಹೊದಿಸಿದ ಮುಸುಕು ಅಷ್ಟೇ. ಇಂಟರ್‌ಫೇಸ್ ಪೂರ್ತಿ ತನಗೇ ಬೇಕು ಅನ್ನುತ್ತದೆ. ಬ್ರೌಸರ್ ಮೊದಲೇ ಹಿಡಿದುಕೊಂಡಿದ್ದರೆ ಜಗಳ ಶುರು. ಏಸಿಯೋ ಫಾರ್ ಆಲ್ ತೆಗೆದು, ಇಂಟರ್‌ಫೇಸ್ ಮಾಡಿದ ಕಂಪನಿಯದೇ ಏಸಿಯೋ ಡ್ರೈವರ್ ಇದ್ದರೆ ಹಾಕಿ.

ಆಮೇಲೆ ಸ್ಯಾಂಪಲ್ ರೇಟ್, ಅಂದರೆ ಒಂದು ಸೆಕೆಂಡಿನಲ್ಲಿ ಸದ್ದನ್ನು ಎಷ್ಟು ಸಲ ಅಳೆಯುವುದು ಅನ್ನುವ ಲೆಕ್ಕ. ವಿಂಡೋಸ್‌ನಲ್ಲೂ ರೀಪರ್‌ನಲ್ಲೂ ಒಂದೇ ಇರಲಿ, 48000. ಮಂಗಳೂರಿನ ನಮ್ಮ ಮನೆಯಲ್ಲಿ ಚೆಂಡೆ ರೆಕಾರ್ಡ್ ಮಾಡುವಾಗ ಒಂದು ಕಡೆ 44100 ಬಿಟ್ಟು, ಇಡೀ ಭಾನುವಾರ ಸುಮ್ನೆ ಹಾಳು ಮಾಡಿಕೊಂಡಿದ್ದೆ. ಬಫರ್ (ಸದ್ದನ್ನು ಒಂದು ಸಲಕ್ಕೆ ಎಷ್ಟು ಕೂಡಿಟ್ಟು ಕಳಿಸಬೇಕು ಅನ್ನುವ ಅಳತೆ) 256 ಸ್ಯಾಂಪಲ್ ಸಾಕು, ಚಟಪಟ ಸದ್ದು ಬಂದರೆ 512 ಮಾಡಿ. ಅಷ್ಟಾದರೂ ಸರಿಯಾಗದಿದ್ದರೆ ಬ್ರೌಸರ್ ಸದ್ದನ್ನು ಲ್ಯಾಪ್‌ಟಾಪ್ ಸ್ಪೀಕರ್‌ಗೆ ತಿರುಗಿಸಿಬಿಡಿ.