ಕ್ರಿಸ್‌ಮಸ್‌ಗೆ ಮಗುವನ್ನು ಕರೆದುಕೊಂಡು ಹೋಗಲೇ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಮಗ 32ನೇ ವಾರಕ್ಕೇ ಹುಟ್ಟಿದವನು, ಈಗ 14 ತಿಂಗಳು. ಇನ್ನೂ ಒಬ್ಬನೇ ಕೂರುವುದಿಲ್ಲ, ಥೆರಪಿ ನಡೆಯುತ್ತಿದೆ. ಕ್ರಿಸ್‌ಮಸ್‌ಗೆ ಮೂಡಿಗೆರೆಯ ಅತ್ತೆ ಮನೆಗೆ ಮಂಗಳೂರಿನ ನೆಂಟರೆಲ್ಲ ಬರುತ್ತಾರೆ. ಓರಗಿತ್ತಿಯ ಮಗು ಇವನಿಗಿಂತ ಚಿಕ್ಕದು, ಆಗಲೇ ನಡೆಯುತ್ತದೆ. ಮಧ್ಯರಾತ್ರಿ ಪೂಜೆಯ ಗದ್ದಲಕ್ಕೆ ಇವನು ಬೆಚ್ಚಿ ಅಳುತ್ತಾನೆ. ಈ ವರ್ಷ ಮನೆಯಲ್ಲೇ ಇದ್ದುಬಿಡಲೇ?
— ಹೆಸರು ಬೇಡ, ಹಾಸನ

ಉತ್ತರ: ಹೋಗಿಬನ್ನಿ, ಅಮ್ಮಾ. ಹಬ್ಬ ನಿಮ್ಮ ಮಗನದೂ ಹೌದು.

ನೆಂಟರ ಮಾತಿಗೆ ಮುಂಚೆಯೇ ದಾರಿ ಮಾಡಿಕೊಳ್ಳಿ. ನಿಮ್ಮ ಯಜಮಾನರು ಈಗಲೇ ಅವರಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಲಿ. ಬಂದವರಿಗೆ ಅತ್ತೆಯೇ ಹೇಳಲಿ. ಮಗುವನ್ನು ಎತ್ತಿಕೊಂಡು ಒಬ್ಬೊಬ್ಬರಿಗೂ ವಿವರಿಸುವ ಕೆಲಸ ತಾಯಿಯ ಪಾಲಿಗೆ ಬರಬಾರದು. ಎಷ್ಟೋ ತಾಯಂದಿರು ಅದಕ್ಕೆ ಹೆದರಿಯೇ ಹಬ್ಬ ಬಿಡುತ್ತಾರೆ, ನನಗೆ ಅದು ಬಹಳ ನೋವಿನ ಸಂಗತಿ.

ಎಂಟು ವಾರ ಮುಂಚೆ ಹುಟ್ಟಿದ್ದರಿಂದ ಅವನನ್ನು 12 ತಿಂಗಳ ಮಗು ಎಂದೇ ಎಣಿಸಬೇಕು. ಎರಡು ವರ್ಷ ತುಂಬುವವರೆಗೂ ಇದೇ ಲೆಕ್ಕ. ಹಾಗೆ ಎಣಿಸಿದರೂ ಕೂರುವುದು ತಡವಾಗಿದೆ. ಹಾಗಾಗಿ ರಜೆಯಲ್ಲೂ ವ್ಯಾಯಾಮ ತಪ್ಪಿಸಬೇಡಿ. ಹಬ್ಬದ ಮನೆಯಲ್ಲಿ ಅದಕ್ಕೆ ಅವಕಾಶ ಬೇಕಾದಷ್ಟಿದೆ. ಕ್ರಿಸ್‌ಮಸ್ ತಿಂಡಿಗಳಾದ ಕುಸ್ವಾರ್‌ಗೆ ಎಲ್ಲರೂ ಚಾಪೆ ಮೇಲೆ ಕೂತು ಫೋರ್ಕಿನ ಬೆನ್ನಿಗೆ ಕಿಡಿಯೊ ಎಂಬ ಸುರುಳಿ ತಿಂಡಿ ಒತ್ತುವಾಗ ಇವನನ್ನು ನಿಮ್ಮ ಕಾಲುಗಳ ನಡುವೆ ಕೂರಿಸಿ, ಸೊಂಟ ಹಿಡಿದು, ಕೈಗೊಂದು ಹಿಟ್ಟಿನ ಮುದ್ದೆ ಕೊಡಿ. ಹಿಸುಕಲಿ, ಬಾಯಿಗೆ ಹೋಗದಂತೆ ನೋಡಿಕೊಂಡರಾಯಿತು. ಗೋದಲಿಯ ಮುಂದೆ ಬೋರಲು ಮಲಗಿಸಿ. ದೀಪ ನೋಡುವ ಆಸೆಗೆ ತಲೆ ಎತ್ತುತ್ತಾನೆ, ಕೈ ಊರುತ್ತಾನೆ. ಕರಿದ ಕಿಡಿಯೊ, ಕಡಲೆಬೀಜ ಮಾತ್ರ ತಿನ್ನಿಸಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮಧ್ಯರಾತ್ರಿಯದು ಬೇಡ, 25ರ ಬೆಳಗಿನ ಪೂಜೆಗೆ ಹೋಗಿ. ಸ್ಪೀಕರಿನಿಂದ ದೂರ, ಬಾಗಿಲ ಬಳಿಯ ಬೆಂಚಿನಲ್ಲಿ ಕೂತುಕೊಳ್ಳಿ. ಅತ್ತರೆ ಹೊರಗೆ ಬಂದು, ಸಮಾಧಾನವಾದ ಮೇಲೆ ಮತ್ತೆ ಒಳಗೆ ಹೋಗಿ.

ಯಾರಾದರೂ ಪ್ರೀತಿಯಿಂದ ವಾಕರ್ ತಂದುಕೊಟ್ಟಾರು. ಥ್ಯಾಂಕ್ಸ್ ಹೇಳಿ ತೆಗೆದಿಡಿ, ಮಗುವನ್ನು ಅದರಲ್ಲಿ ನಿಲ್ಲಿಸಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಉರುಳಿ ಬೀಳುವ ಅಪಾಯ ಬೇರೆ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಷೇಧವಾಗಿದೆ.

ಕಣ್ಣು, ಕಿವಿಯ ತಪಾಸಣೆ ಆಗಿದೆಯೇ ಎಂದು ನೀವು ಬರೆದಿಲ್ಲ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಎರಡೂ ಆಗಲೇಬೇಕು. ಶಬ್ದಕ್ಕೆ ಬೆಚ್ಚುತ್ತಾನೆ ಎಂದ ಮಾತ್ರಕ್ಕೆ ಕಿವಿ ಪೂರ್ತಿ ಸರಿಯಿದೆ ಎನ್ನಲಾಗದು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಹಾಸನದಿಂದ ರೈಲಿದೆ. ಮೂಡಿಗೆರೆಯಿಂದ ಬಂದ ವಾರವೇ ಹೊರಡಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ.