ಮಗ ಸಂಘಕ್ಕೆ ಬರುವುದಿಲ್ಲ ಎಂಬ ದೂರು

(ಹೆಸರು, ವಯಸ್ಸು, ಬಡಾವಣೆಯ ಗುರುತು ಎಲ್ಲ ಬದಲಿಸಿದ್ದೇನೆ. ತಂದೆ, ಮಗ ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ.)

ಶ್ರೀಕಂಠಯ್ಯ ಅವರಿಗೆ 67 ವರ್ಷ. ಬ್ಯಾಂಕಿನಿಂದ ನಿವೃತ್ತರಾದವರು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಸ್ವಂತ ಮನೆ. ನಾನು ಆಪ್ತಸಮಾಲೋಚಕಿ. ಅವರನ್ನು ನನ್ನ ಹತ್ತಿರ ಕಳಿಸಿದ್ದು ಅವರ ಡಾಕ್ಟರು. ಮಾತ್ರೆ ಬದಲಿಸಿದರೂ ಬಿಪಿ ಇಳಿಯುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುತ್ತಿರಲಿಲ್ಲ. ಜೊತೆಗೆ ಬಂದಿದ್ದ ಪತ್ನಿ ಸುಶೀಲಮ್ಮ ಒಂದೇ ಮಾತಿನಲ್ಲಿ ವಿಷಯ ಹೇಳಿದರು: "ಮೇಡಂ, ಸಂಘದ ಕಾರ್ಯಕ್ರಮ ಇದ್ದ ದಿನ ರಾತ್ರಿ ನಮ್ಮನೇಲಿ ಜಗಳ ಗ್ಯಾರಂಟಿ."

ಸಂಘ ಅಂದರೆ ಬಡಾವಣೆಯ ನಿವಾಸಿಗಳ ಸಂಘ. ಮಣ್ಣು ರಸ್ತೆ, ಬೋರ್‌ವೆಲ್ ನೀರು ಇದ್ದ ಕಾಲದಲ್ಲಿ ಏಳೆಂಟು ಮನೆಯವರು ಸೇರಿ ಕಟ್ಟಿದ್ದು. ಅರ್ಜಿ ಹಿಡಿದು ಓಡಾಡಿ ನಲ್ಲಿ ನೀರು, ಬೀದಿ ದೀಪ ತರಿಸಿದ್ದಾರೆ. ಖಾಲಿ ಜಾಗ ಒತ್ತುವರಿಯಾಗದಂತೆ ಕಾದು ಪಾರ್ಕ್ ಮಾಡಿಸಿದ್ದಾರೆ. ಒಂದು ಚಿಕ್ಕ ಭವನ, ಅದರಲ್ಲೊಂದು ವಾಚನಾಲಯ. ನವೆಂಬರಿನಲ್ಲಿ ರಾಜ್ಯೋತ್ಸವ, ಆಗಾಗ ಗಮಕ ವಾಚನ (ಕಾವ್ಯವನ್ನು ರಾಗವಾಗಿ ಓದುವುದು), ಉಪನ್ಯಾಸ. ಶ್ರೀಕಂಠಯ್ಯ ಅವರು ಹದಿನೆಂಟು ವರ್ಷದಿಂದ ಅದರ ಕಾರ್ಯದರ್ಶಿ.

ಆ ವರ್ಷದ ರಾಜ್ಯೋತ್ಸವಕ್ಕೆ ಬಂದವರು ಮೂವತ್ತು ಜನ. ಅದರಲ್ಲಿ ಐವತ್ತರ ಒಳಗಿನವರು ಇಬ್ಬರು. ಒಬ್ಬ ಧ್ವನಿವರ್ಧಕದ ಹುಡುಗ. ಇನ್ನೊಬ್ಬಳು ಸನ್ಮಾನ ಸ್ವೀಕರಿಸಬೇಕಿದ್ದ ವಿದ್ಯಾರ್ಥಿನಿ, ಅವಳೂ ಸನ್ಮಾನ ಮುಗಿದ ತಕ್ಷಣ ಹೊರಟುಹೋದಳು. ಮಗ ನಿತಿನ್ ಮನೆಯಲ್ಲೇ ಇದ್ದ, ಬರಲಿಲ್ಲ. "ಬೀದಿಯಲ್ಲಿ ಅಷ್ಟೊಂದು ಸಾಫ್ಟ್‌ವೇರಿನವರಿದ್ದಾರೆ. ಒಬ್ಬರಿಗೂ ಊರಿನ ಮೇಲೆ ಪ್ರೀತಿ ಇಲ್ಲ. ಹೋಗಲಿ, ನನ್ನ ಮಗನಿಗೇ ಇಲ್ಲವಲ್ಲ" ಎಂದರು. ಕಣ್ಣು ತುಂಬಿಕೊಂಡಿತ್ತು.

ಇಂಥ ಮಾತು ಕೇಳಿದಾಗ "ಈಗಿನ ಮಕ್ಕಳೇ ಹಾಗೆ, ಬಿಡಿ ಸಾರ್" ಅಂತ ಸಮಾಧಾನ ಮಾಡುವುದು ಸುಲಭ. ಬಹಳ ಜನ ಅದನ್ನೇ ಮಾಡುತ್ತಾರೆ. ಅದರಿಂದ ಒಂದು ದಿನ ಹಗುರ ಅನಿಸಬಹುದು. ಆಮೇಲೆ ಮಗನ ಮೇಲಿನ ಸಿಟ್ಟು ಇನ್ನಷ್ಟು ಗಟ್ಟಿಯಾಗುತ್ತದೆ. ಹಾಗಾಗಿ ಮೊದಲು ನಿದ್ದೆ, ಊಟ, ಆಸಕ್ತಿ ಎಲ್ಲ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ದಿನಪೂರ್ತಿ ಚುರುಕಾಗಿಯೇ ಇರುತ್ತಾರೆ. ಹಿಂಸೆ ಕೊಡುತ್ತಿದ್ದದ್ದು ಒಂದೇ ಯೋಚನೆ: ನಾನು ಹೋದ ಮೇಲೆ ಇದೆಲ್ಲ ಯಾರು ನೋಡಿಕೊಳ್ಳುತ್ತಾರೆ? ಮಗ ಸಂಘಕ್ಕೆ ಬರಲಿಲ್ಲ ಅಂದರೆ ಅವರಿಗೆ ಕೇಳಿಸುತ್ತಿದ್ದದ್ದು "ನಿಮ್ಮ ಬದುಕಿನ ಕೆಲಸ ನನಗೆ ಬೇಡ" ಅಂತ.

ನಿತಿನ್‌ನನ್ನು ಬೇರೆಯಾಗಿ ಕರೆಸಿ ಮಾತಾಡಿದೆ. 29 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಕೆಲಸ. ಅಮೆರಿಕದವರ ಜೊತೆ ಮೀಟಿಂಗು ಇರುವುದರಿಂದ ವಾರದಲ್ಲಿ ಮೂರು ದಿನ ರಾತ್ರಿ ಹತ್ತಾಗುತ್ತದೆ. ಊರಿನ ಬಗ್ಗೆ ಅವನಿಗೆ ಪ್ರೀತಿ ಇಲ್ಲ ಅನ್ನುವುದು ಮಾತ್ರ ಶುದ್ಧ ಸುಳ್ಳು. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ನೋಡುವವರ ಜೊತೆ ಇರುತ್ತಾನೆ. ರಂಗಾಯಣದ ಭೂಮಿಗೀತದಲ್ಲಿ ನಾಟಕ ಇದ್ದರೆ ತಪ್ಪಿಸುವುದಿಲ್ಲ. ಬಹುರೂಪಿ ನಾಟಕೋತ್ಸವಕ್ಕೆ ರಜೆ ಹಾಕುತ್ತಾನೆ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು ಮರ ಕಡಿದಾಗ ಪ್ರತಿಭಟನೆಗೂ ಹೋಗಿದ್ದ. ಇದ್ಯಾವುದೂ ಅಪ್ಪನಿಗೆ ಗೊತ್ತಿಲ್ಲ.

"ಯಾಕೆ ಹೇಳಿಲ್ಲ?" ಅಂದೆ.

"ಹೇಳಿದರೆ ಅಷ್ಟೇ ಮೇಡಂ. 'ಅಲ್ಲಿಗೆ ಹೋಗೋಕೆ ಟೈಮಿದೆ, ನಮ್ಮ ಸಂಘಕ್ಕೆ ಬರೋಕೆ ಇಲ್ವಾ' ಅಂತ ಶುರು ಮಾಡ್ತಾರೆ."

ಎರಡು ವರ್ಷದ ಹಿಂದೆ ಅವನೂ ಸಂಘಕ್ಕೆ ಹೋಗಿದ್ದನಂತೆ. "ಬಾ ಮರಿ, ಆ ಮೈಕು ಸ್ವಲ್ಪ ನೋಡು" ಎಂದರು. ನೋಡಿದ. ಕುರ್ಚಿ ಹಾಕಿದ. ಬ್ಯಾನರ್ ಡಿಸೈನ್ ಮಾಡಿಕೊಟ್ಟ. ವಾಟ್ಸಾಪ್ ಗುಂಪು ಮಾಡಿದ. ಆಮೇಲೆ ಒಂದು ಸಭೆಯಲ್ಲಿ, ಉಪನ್ಯಾಸವನ್ನು ಬುಧವಾರ ಸಂಜೆ ಐದಕ್ಕೆ ಇಡುವ ಬದಲು ಭಾನುವಾರ ಇಟ್ಟರೆ ಕೆಲಸಕ್ಕೆ ಹೋಗುವವರೂ ಬರಬಹುದು ಎಂದ. ಹಿರಿಯ ಸದಸ್ಯರೊಬ್ಬರು "ನಾವು ಮೊದಲಿಂದ ಬುಧವಾರವೇ ಮಾಡಿಕೊಂಡು ಬಂದಿದ್ದೀವಪ್ಪಾ" ಎಂದರು. ಅಲ್ಲಿಗೆ ಮುಗಿಯಿತು. ಸಮಾಧಾನಕ್ಕೆ ಅವನನ್ನು ಯುವ ಘಟಕದ ಸಂಚಾಲಕ ಅಂತ ಮಾಡಿದರು. ಘಟಕದಲ್ಲಿ ಇದ್ದದ್ದು ಅವನೊಬ್ಬನೇ.

ಪ್ರತ್ಯೇಕವಾಗಿ ಹೇಳಿದ್ದನ್ನು ನಾನು ಅಪ್ಪನಿಗೆ ದಾಟಿಸುವುದಿಲ್ಲ ಅಂತ ನಿತಿನ್‌ಗೆ ಮೊದಲೇ ಹೇಳಿದ್ದೆ. ಆದರೆ ಕೆರೆ, ನಾಟಕ, ಮರ ಈ ಮೂರನ್ನು ನೀನೇ ಹೇಳಬೇಕು ಎಂದೆ. ವಾದ ಮಾಡಲು ಅಲ್ಲ, ಸುಮ್ನೆ ಊಟದ ಹೊತ್ತಿಗೆ. ಸುಶೀಲಮ್ಮನವರಿಗೆ ಎಲ್ಲ ಮೊದಲೇ ಗೊತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು. ತಾಯಂದಿರಿಗೆ ಗೊತ್ತಿಲ್ಲದ್ದು ಕಡಿಮೆ.

ಕೊಟ್ಟ ಸಲಹೆ

ಶ್ರೀಕಂಠಯ್ಯ ಅವರಿಗೆ ಮೊದಲು ಹೇಳಿದ್ದು: ಸಂಕ್ರಾಂತಿಯವರೆಗೆ ಮಗನನ್ನು ಸಂಘಕ್ಕೆ ಕರೆಯಬೇಡಿ. ಯಾಕೆ ಬರಲಿಲ್ಲ ಅಂತ ಕೇಳಲೂ ಬೇಡಿ. ಅವರಿಗೆ ಇದು ಕಷ್ಟವಾಯಿತು. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ ಮನೆಗೆ ಹೋಗುವ ಮೊದಲು ಪಾರ್ಕಿನಲ್ಲಿ ಎರಡು ಸುತ್ತು ಹಾಕಿ, ಸಿಟ್ಟು ಬಂದರೆ ಅಲ್ಲೇ ಬರಲಿ ಎಂದೆ. ಎಚ್ಚರವಾದಾಗ ಹಾಸಿಗೆಯಲ್ಲೇ ಹೊರಳಾಡದೆ ಎದ್ದು ಕೂತು, ತಲೆಯಲ್ಲಿ ಓಡುತ್ತಿರುವುದನ್ನು ಬರೆದಿಟ್ಟು ಮಲಗಲು ಹೇಳಿದೆ.

ಎರಡನೆಯದು ಲೆಕ್ಕದ ಕೆಲಸ. ವರ್ಷದಲ್ಲಿ ಸಂಘ ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ. ಪಕ್ಕದಲ್ಲಿ ಯಾರು ಮಾಡುತ್ತಾರೆ ಅಂತ ಬರೆಯಿರಿ. ಇನ್ನೊಂದು ಕಾಲಮ್ಮಿನಲ್ಲಿ, ಇದನ್ನು ಮೂವತ್ತು ವರ್ಷದವರ ಕೈಗೆ ನಿಜವಾಗಿ ಕೊಡುತ್ತೀರಾ ಅಂತ ಬರೆಯಿರಿ. ಬ್ಯಾಂಕಿನವರು ಅಲ್ವಾ, ಗೆರೆ ಎಳೆದು ಚೊಕ್ಕವಾಗಿ ಬರೆದು ತಂದರು. ಚೆಕ್ಕಿಗೆ ಸಹಿ, ಪಾಲಿಕೆಗೆ ಪತ್ರ, ಅತಿಥಿ ಯಾರು, ದಿನ ಯಾವುದು, ಖರ್ಚು ಎಷ್ಟು, ಎಲ್ಲದರ ಮುಂದೆ "ಇಲ್ಲ". ಮೈಕು, ಕುರ್ಚಿ, ಬ್ಯಾನರ್, ಫೋಟೋ, ವಾಟ್ಸಾಪ್ ಮುಂದೆ "ಕೊಡಬಹುದು". ಆ ಹಾಳೆಯನ್ನು ಅವರ ಕಡೆಗೇ ತಿರುಗಿಸಿ ಇಟ್ಟೆ. ಸ್ವಲ್ಪ ಹೊತ್ತು ನೋಡಿ, "ಇದು ಶಾಮಿಯಾನದವನ ಕೆಲಸ" ಎಂದರು. ನಾನು ಏನನ್ನೂ ಸೇರಿಸಲಿಲ್ಲ.

ಆ ಹಾಳೆಯ ಜೊತೆ ಸಂಘದ ನಿಯಮಾವಳಿಯನ್ನೂ ತಂದಿದ್ದರು. ನಿಜವಾದ ಗಂಟು ಅಲ್ಲಿತ್ತು. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದದ್ದು. ನಿಯಮಾವಳಿಯ ಪ್ರಕಾರ ಮನೆ ಅಥವಾ ನಿವೇಶನದ ಮಾಲೀಕರಿಗೆ ಮಾತ್ರ ಸದಸ್ಯತ್ವ. ಬೀದಿಯಲ್ಲಿರುವ ಸಾಫ್ಟ್‌ವೇರಿನವರು ಬಹುಪಾಲು ಬಾಡಿಗೆ ಮನೆಯವರು. ಅವರಿಗೆ ಬಾಗಿಲೇ ಇಲ್ಲ. ಇನ್ನು ನಿತಿನ್? ಮನೆ ಅಪ್ಪನ ಹೆಸರಿನಲ್ಲಿದೆ. ಹಾಗಾಗಿ ಯುವ ಘಟಕದ ಸಂಚಾಲಕ ಸಂಘದ ಸದಸ್ಯನೇ ಅಲ್ಲ! ಇದು ಹದಿನೆಂಟು ವರ್ಷ ಕಾರ್ಯದರ್ಶಿಯಾಗಿದ್ದವರ ಗಮನಕ್ಕೇ ಬಂದಿರಲಿಲ್ಲ. ನಿಯಮಾವಳಿ ಬರೆದ ಕಾಲದಲ್ಲಿ ಅಲ್ಲಿ ಬಾಡಿಗೆದಾರರೇ ಇರಲಿಲ್ಲ, ಅದರಲ್ಲಿ ತಪ್ಪೇನಿಲ್ಲ. ಆದರೆ ಬಾಗಿಲಿಗೆ ಬೀಗ ಹಾಕಿ, ಯಾರೂ ಒಳಗೆ ಬರುತ್ತಿಲ್ಲ ಅಂತ ನೊಂದುಕೊಂಡರೆ ಹೇಗೆ? ನಿಯಮ ತಿದ್ದಲು ಸರ್ವಸದಸ್ಯರ ಸಭೆಯಲ್ಲಿ ಠರಾವು ಆಗಬೇಕು, ಅದನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಆ ವಿಷಯವನ್ನು ಸಭೆಗೆ ತರುವುದು ನಿಮ್ಮ ಕೈಯಲ್ಲೇ ಇದೆ ಎಂದೆ.

ಮೂರನೆಯದಾಗಿ, ಒಂದೇ ಒಂದು ಕೆಲಸವನ್ನು ಪೂರ್ತಿ ಬಿಟ್ಟುಕೊಡಿ ಎಂದೆ. ಪೂರ್ತಿ ಅಂದರೆ ನಿರ್ಧಾರ, ದುಡ್ಡು, ಸೋಲು ಎಲ್ಲ ಸೇರಿ. ಅದಕ್ಕೊಂದು ಕೊನೆಯ ದಿನವೂ ಇರಬೇಕು. ಹೊಸಬರನ್ನು ಹೆದರಿಸುವುದು ಕೆಲಸವಲ್ಲ, ಅದು ಯಾವತ್ತಿಗೂ ಮುಗಿಯುವುದಿಲ್ಲ ಅನ್ನುವುದು. ಒಮ್ಮೆ ಒಳಗೆ ಹೋದರೆ ಹದಿನೆಂಟು ವರ್ಷ ಅಂತ ಅವರ ಕಣ್ಣೆದುರೇ ಉದಾಹರಣೆ ಇದೆಯಲ್ಲ. ಶ್ರೀಕಂಠಯ್ಯ ಅವರು ಇದಕ್ಕೆ ಜೋರಾಗಿ ನಕ್ಕರು.

ಗಮಕದ ಬಗ್ಗೆ ನಾನು ಹೇಳಿದ್ದು ಅವರಿಗೆ ಅಷ್ಟು ಇಷ್ಟವಾಗಲಿಲ್ಲ. ಅದಕ್ಕೆ ಬರುವ ಹದಿನೈದು ಜನ ಮನಸಾರೆ ಬರುತ್ತಾರೆ. ಅದು ಅವರಿಗಾಗಿ ನಡೆಯಲಿ. ಎಲ್ಲದಕ್ಕೂ ಯುವಕರು ಬಂದು ಕೂತರೇ ಅದು ಉಳಿದ ಹಾಗೆ ಅನ್ನುವುದು ಬೇಡ. ಇವರಲ್ಲಿ ಕೆಲವರು ಐವತ್ತಾದ ಮೇಲೆ ತಾವಾಗಿಯೇ ಬಂದಾರು. ನೀವೂ ಮೂವತ್ತರಲ್ಲಿ ಗಮಕ ಕೇಳುತ್ತಿದ್ದಿರಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ನಿತಿನ್‌ಗೆ ಕೊಟ್ಟ ಸಲಹೆ ಚಿಕ್ಕದು. ಅಪ್ಪನ ಮನಸ್ಸು ನೋಯಬಾರದು ಅಂತ ಸಂಘಕ್ಕೆ ಹೋಗಬೇಡ. ಹೋಗುವುದಾದರೆ ನಿನಗೆ ಬೇಕಾದ ಒಂದು ಕೆಲಸ ಆರಿಸಿಕೋ. ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲೆ ಅಂತ ಮೊದಲೇ ಹೇಳು. ಅದರ ಹೊರಗಿನದಕ್ಕೆ "ಅಂಕಲ್, ಇದು ನನ್ನ ಕೈಲಿ ಆಗಲ್ಲ" ಅನ್ನಲು ಕಲಿ. ಒಪ್ಪಿಕೊಂಡದ್ದನ್ನು ಮಾತ್ರ ಕೈಬಿಡಬೇಡ. ಎರಡು ಸಭೆಗೆ ಹೋಗಿ, ನನ್ನ ಮಾತು ಕೇಳಲಿಲ್ಲ ಅಂತ ಎದ್ದು ಬಂದವರು ನನ್ನ ಹತ್ತಿರ ಬೇಕಾದಷ್ಟು ಜನ ಬರುತ್ತಾರೆ. ಆಫೀಸಿನಲ್ಲಿ ಅದಕ್ಕಿಂತ ಜಾಸ್ತಿ ಸಹಿಸಿಕೊಂಡಿರುತ್ತಾರೆ, ಅದು ಬೇರೆ ಮಾತು.

ಅವನು ಆರಿಸಿದ್ದು ಪಾರ್ಕಿನ ಒಣ ಎಲೆ. ಸಂಕ್ರಾಂತಿ ಕಳೆದರೆ ಮೈಸೂರಿನ ಬೀದಿಗಳಲ್ಲಿ ಎಲೆ ಉದುರಲು ಶುರು. ಗುಡಿಸಿ ಮೂಲೆಯಲ್ಲಿ ಬೆಂಕಿ ಹಚ್ಚುವುದು ರೂಢಿ. ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿದೆ. ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ಮೊದಲ ಸ್ಥಾನ ಪಡೆದದ್ದೂ ಅದೇ ವರ್ಷ. ಆದರೂ ಆ ಹೊಗೆ ಈಗಲೂ ಇದೆ. ಪಾರ್ಕಿನಲ್ಲಿ ಜಾಲರಿ ಕಟ್ಟಿ ಎಲೆಗೊಬ್ಬರ ಮಾಡೋಣ ಅಂತ ನಿತಿನ್ ಎಂದ. ಹದಿನೈದು ಸಾವಿರ ರೂಪಾಯಿ, ಮಾರ್ಚ್ ಕೊನೆಯವರೆಗೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ. ಸಂಘ ಒಪ್ಪಿತು.

ಪಾರ್ಕ್ ಪಾಲಿಕೆಯದು, ಅನುಮತಿ ಬೇಕು. ನಿತಿನ್ ಫೋಟೋ ಹಾಕಿ, ಪಾಲಿಕೆಯನ್ನು ಟ್ಯಾಗ್ ಮಾಡಿ ಕಾದ. ಏನೂ ಆಗಲಿಲ್ಲ. 65 ವಾರ್ಡುಗಳ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು. ಹಾಗಾಗಿ ಹೋಗಿ ಕೇಳಲು ಕಾರ್ಪೊರೇಟರೂ ಇರಲಿಲ್ಲ. ಆಗ ಅಪ್ಪನೇ ಹೇಳಿಕೊಟ್ಟರು: ಸಂಘದ ಲೆಟರ್‌ಹೆಡ್‌ನಲ್ಲಿ ಮನವಿ ಬರೆ. ಎರಡು ಪ್ರತಿ ಮಾಡು. ವಲಯ ಕಚೇರಿಯ ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದಕ್ಕೆ ತಾರೀಕಿನ ಜೊತೆ ಮೊಹರು ಹಾಕಿಸಿಕೋ. ಮುಂದಿನ ವಾರ ಆ ಮೊಹರಿನ ಪ್ರತಿ ಹಿಡಿದು ಹೋಗು. ಎದುರು ಕೂತು ಮಾತಾಡು, ಫೋನ್ ಮಾಡಬೇಡ. "ಇದೆಲ್ಲ ಗೊತ್ತೇ ಇರಲಿಲ್ಲ ಮೇಡಂ. ಅಪ್ಪನ ಫೈಲಿನಲ್ಲಿ ಹಳೇ ಮನವಿಗಳು ಒಂದೂ ಬಿಡದ ಹಾಗೆ ಇವೆ" ಅಂತ ನಿತಿನ್ ಹೇಳಿದ. ಮೂರನೇ ಸಲ ಹೋದಾಗ ಅನುಮತಿ ಸಿಕ್ಕಿತು.

ಈ ಕೆಲಸಕ್ಕೆ ಆರು ಜನ ಸೇರಿದರು. ನಾಲ್ವರು ಬಾಡಿಗೆ ಮನೆಯವರು, ಅವರಲ್ಲಿ ಒಬ್ಬಳು ಕಲಬುರಗಿಯ ಹುಡುಗಿ, ಇನ್ನೊಬ್ಬ ಕೇರಳದವನು. ಈ ಬಾಡಿಗೆ ಮನೆಯವರ ವೋಟು ಇನ್ನೂ ತಂತಮ್ಮ ಊರಲ್ಲೇ ಇತ್ತು. ವಿಳಾಸ ಬದಲಿಸಲು ನಮೂನೆ 8 ತುಂಬಬೇಕು ಅಂತ ಶ್ರೀಕಂಠಯ್ಯ ಅವರೇ ಕೂರಿಸಿಕೊಂಡು ಹೇಳಿದರು. ಪಾಲಿಕೆ ಚುನಾವಣೆ ಯಾವಾಗ ಬಂದರೂ ಇಲ್ಲಿ ಹೆಸರು ಇರಬೇಕಲ್ಲ.

ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಎರಡು ಜಾಲರಿಯಲ್ಲಿ ಒಂದಕ್ಕೆ ಯಾರೋ ರಾತ್ರಿ ಪ್ಲಾಸ್ಟಿಕ್ ತುಂಬಿದರು. ಹಿರಿಯರೊಬ್ಬರು "ನಾನು ಹೇಳಿರಲಿಲ್ವಾ" ಎಂದರು. ಶ್ರೀಕಂಠಯ್ಯ ಅವರಿಗೆ ನಡುವೆ ಹೋಗಿ ಸರಿಮಾಡುವ ಆಸೆ ಬಹಳ ಇತ್ತು, ತಡೆದುಕೊಂಡರು. ಆ ವಾರ ನಿದ್ದೆ ಮತ್ತೆ ಕೆಟ್ಟಿತ್ತು. ಅದು ಸಹಜ, ಬಿಟ್ಟುಕೊಡುವಾಗ ಇಷ್ಟು ಸಂಕಟ ಆಗಿಯೇ ಆಗುತ್ತದೆ ಅಂತ ಹೇಳಿ ಕಳಿಸಿದೆ.

ಯುಗಾದಿ ಕಳೆದು ನಡೆದ ಸರ್ವಸದಸ್ಯರ ಸಭೆಯಲ್ಲಿ ನಿಯಮ ತಿದ್ದುವ ವಿಷಯ ಬಂತು. ಮಾಲೀಕರ ಮನೆಯ ವಯಸ್ಕ ಮಕ್ಕಳಿಗೆ ಪೂರ್ಣ ಸದಸ್ಯತ್ವ ಸಿಕ್ಕಿತು. ಬಾಡಿಗೆದಾರರಿಗೆ ಸದಸ್ಯತ್ವ ಇದೆ, ಮತದ ಹಕ್ಕು ಇಲ್ಲ. ಕಲಬುರಗಿಯ ಹುಡುಗಿಗೆ ಬೇಸರವಾಗಿ ಆಮೇಲೆ ಬರಲಿಲ್ಲ. ಅವಳ ಬೇಸರ ನ್ಯಾಯವಾದದ್ದೇ ಅಂತ ನನಗನಿಸುತ್ತದೆ. ಉಪನ್ಯಾಸ ತಿಂಗಳು ಬಿಟ್ಟು ತಿಂಗಳು ಭಾನುವಾರಕ್ಕೆ ಬಂದಿದೆ. ಗಮಕ ಬುಧವಾರವೇ ನಡೆಯುತ್ತದೆ. ನಿತಿನ್ ಅದಕ್ಕೆ ಹೋಗುವುದಿಲ್ಲ, ಯಾಕೆ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಬಿಪಿ ಈಗ ಹತೋಟಿಯಲ್ಲಿದೆ ಅಂತ ಡಾಕ್ಟರು ತಿಳಿಸಿದ್ದಾರೆ. ಚೆಕ್ಕಿನ ಸಹಿ ಮಾತ್ರ ಇನ್ನೂ ಶ್ರೀಕಂಠಯ್ಯ ಅವರ ಬಳಿಯೇ ಇದೆ. ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಮಾತಾಡಬೇಕು ಅಂತ ಅವರೇ ಹೇಳಿ ಹೋಗಿದ್ದಾರೆ.