ಕಲ್ಲಿನ ಧೂಳಿಗೆ ಬೆಲ್ಲ, ಒದ್ದೆ ಟವೆಲ್ ಸಾಕೇ?

ನಮಸ್ಕಾರ. ಇಳಕಲ್ಲಿನ ಗ್ರಾನೈಟ್ ಘಟಕದಲ್ಲಿ ಕಲ್ಲು ಕೊಯ್ಯುವ ನಿಮ್ಮ ತಮ್ಮ ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು, ಸಂಜೆ ಬೆಲ್ಲ ತಿಂದರೆ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು.

ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಇಳಿಯುವುದು ಶ್ವಾಸಕೋಶಕ್ಕೆ. ಗಂಟಲಿನ ಕೆರೆತ ತಗ್ಗಿ ಹಿತವೆನಿಸುವುದರಿಂದಲೇ ಈ ನಂಬಿಕೆ ಉಳಿದಿದೆ ಎಂದು ನನ್ನ ಭಾವನೆ.

ಟವೆಲ್ಲಿನ ವಿಷಯ ಇನ್ನೂ ಗಂಭೀರ. ಕೆಲಸ ಮುಗಿದ ಮೇಲೆ ಬಟ್ಟೆಗೆ ಬೂದುಬಣ್ಣದ ಕೆಸರು ಅಂಟಿರುವುದನ್ನು ಕಂಡಾಗ ಧೂಳೆಲ್ಲ ಅಲ್ಲೇ ನಿಂತಿತೆಂದು ತೋರುತ್ತದೆ. ಆದರೆ ನಿಂತಿರುವುದು ದಪ್ಪ ಕಣಗಳು ಮಾತ್ರ. ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತರುವ ಸಿಲಿಕಾ (ಕಲ್ಲಿನಲ್ಲಿರುವ ಒಂದು ಖನಿಜ) ಕಣಗಳು 10 ಮೈಕ್ರಾನಿಗಿಂತಲೂ ಸಣ್ಣವಾಗಿದ್ದು, ನೇಯ್ಗೆಯ ಸಂದಿನಲ್ಲಿ ಕಣ್ಣಿಗೆ ಕಾಣದಂತೆ ನುಸುಳಿ ಶ್ವಾಸಕೋಶದ ಆಳದಲ್ಲಿ ಕಲೆಗಟ್ಟಿಸುತ್ತವೆ. ಆ ಕಲೆ ಮತ್ತೆ ಮಾಯುವುದಿಲ್ಲ; ಕ್ಷಯ ತಗಲುವ ಅಪಾಯವೂ ಹೆಚ್ಚುತ್ತದೆ. ಈಗ ಕೆಮ್ಮಿಲ್ಲವೆಂಬ ಸಮಾಧಾನವೂ ಬೇಡ, ಏಕೆಂದರೆ ಲಕ್ಷಣ ಕಾಣಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಬಹುದು.

ಮೊದಲು ಬೇಕಾದದ್ದು, ಕೊಯ್ಯುವಷ್ಟು ಹೊತ್ತೂ ಅಲಗಿನ ಮೇಲೆ ಹರಿಯುವ ನೀರು ಮತ್ತು ಧೂಳು ಹೀರುವ ವ್ಯವಸ್ಥೆ; ಅವುಗಳ ಜೊತೆಗೆ ಮುಖಕ್ಕೆ ಸಂದಿಲ್ಲದೆ ಕೂರುವ ಎನ್‌95 ಮಾಸ್ಕ್ (ಗಡ್ಡವಿದ್ದರೆ ಅದು ಸರಿಯಾಗಿ ಕೂರದು). ಇವನ್ನು ಒದಗಿಸುವುದು ಮಾಲೀಕರ ಉಪಕಾರವಲ್ಲ, ಹೊಣೆ. 1948ರ ಕಾರ್ಖಾನೆ ಕಾಯ್ದೆಯೇ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು.

ದಯವಿಟ್ಟು ತಮ್ಮನಿಗೆ ಎದೆಯ ಎಕ್ಸ್‌ರೇ ಮಾಡಿಸಿ, ಎಷ್ಟು ವರ್ಷದಿಂದ ಕಲ್ಲು ಕೊಯ್ಯುತ್ತಿದ್ದಾರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಹೇಳದಿದ್ದರೆ ಬರೀ ಕ್ಷಯವೆಂದು ಭಾವಿಸಿ ಚಿಕಿತ್ಸೆ ನಡೆಯುವುದುಂಟು.